ಸ್ಪ್ಲೆಂಡರ್: ಪಿಸ್ಟನ್ ಪಿನ್ ಲಾಕ್ ಕ್ರ್ಯಾಂಕ್‌ಕೇಸ್ ಒಳಗೆ ಬಿದ್ದಿದೆ, ಫುಲ್ ಎಂಜಿನ್ ಬಿಚ್ಚದೆ ತೆಗೆಯೋಕೆ ಆಗುತ್ತಾ?

ಲಗ್ಗೆರೆ_ಹುಡ್ಗ:

ಗಾಡಿ ಸ್ಪ್ಲೆಂಡರ್ ಪ್ಲಸ್, ಹಳೇ ಕಾರ್ಬುರೇಟರ್ ಮಾಡೆಲ್, 97.2 ಸಿಸಿ. ನೀಲಿ ಹೊಗೆ ಜಾಸ್ತಿಯಾಗಿ ಬೋರ್-ಪಿಸ್ಟನ್ ಕೆಲಸ ನಡೀತಿದೆ. ಎಂಜಿನ್ ಫ್ರೇಮ್‌ನಲ್ಲೇ ಇದೆ, ಹೆಡ್ಡು ಬ್ಲಾಕು ಎರಡೂ ಹೊರಗೆ. ಬ್ಲಾಕ್ ಬೋರಿಂಗ್‌ಗೆ ಹೋಗಿದೆ, ನಾಳಿದ್ದು ಬರುತ್ತೆ.

ಪಿಸ್ಟನ್ ಕಳಚೋಕೆ ಎಡಗಡೆ ಲಾಕ್ (ಪಿಸ್ಟನ್ ಪಿನ್ ಜಾರದ ಹಾಗೆ ಹಿಡಿಯೋ ತಂತಿ ಬಳೆ) ಎತ್ತುವಾಗ ನೋಸ್ ಪ್ಲಯರ್‌ನಿಂದ ಚಿಮ್ಮಿ ಹೋಯ್ತು, ಕಿಣ್ ಅಂತ ಸದ್ದು ಬಂತು. ಕನೆಕ್ಟಿಂಗ್ ರಾಡ್ ಸುತ್ತ ಬಟ್ಟೆ ತುರುಕಿತ್ತು, ಆದ್ರೆ ಎಡಗಡೆ ಟೈಮಿಂಗ್ ಚೈನ್ ಹೋಗೋ ಸಂದು ತೆರೆದೇ ಇತ್ತು. ಬಲಗಡೆ ಲಾಕ್ ಪಿಸ್ಟನ್‌ನಲ್ಲೇ ಇದೆ. ಕ್ರ್ಯಾಂಕ್ ತಿರುಗಿಸಿಲ್ಲ. ಆಯಿಲ್ ಇನ್ನೂ ಇಳಿಸಿಲ್ಲ. ಎಳೆದು ಉದ್ದ ಮಾಡೋ ಕಡ್ಡಿ ಮ್ಯಾಗ್ನೆಟ್ ಇದೆ, ಒಳಗೆ ಬಿಟ್ರೆ ರಾಡಿಗೋ ಕ್ರ್ಯಾಂಕಿಗೋ ಅಂಟಿಕೊಂಡು ಮುಂದಕ್ಕೇ ಹೋಗಲ್ಲ.

ಬೀದಿ ಕೊನೆಯ ಮೆಕ್ಯಾನಿಕ್ ಹೇಳೋದು: "ಬಿಡಿ ಸಾರ್, ಚೇಂಬರ್ ತಳದಲ್ಲಿ ಬಿದ್ದಿರುತ್ತೆ, ಏನೂ ಆಗಲ್ಲ." ನಂಬಬಹುದಾ? ಇಲ್ಲ ಅಂದ್ರೆ ಯಾವ ಕ್ರಮದಲ್ಲಿ ಹುಡುಕಬೇಕು?


ಎಣ್ಣೆಕೈ:

ಕಿಕ್ಕರ್ ಮುಟ್ಟಬೇಡಿ. ಗೇರಲ್ಲಿ ಗಾಡಿ ತಳ್ಳಬೇಡಿ, ನ್ಯೂಟ್ರಲ್‌ಗೆ ಹಾಕಿಡಿ. ಇಲ್ಲೀವರೆಗೆ ಕ್ರ್ಯಾಂಕ್ ತಿರುಗಿಸಿಲ್ಲ ಅನ್ನೋದೇ ನಿಮಗಿರೋ ದೊಡ್ಡ ಅನುಕೂಲ. ಲಾಕ್ ಅಂದ್ರೆ ಸುಮಾರು 1 ಎಂಎಂ ದಪ್ಪದ ಸ್ಪ್ರಿಂಗ್ ಸ್ಟೀಲ್ ತಂತಿ. ಕ್ರ್ಯಾಂಕ್ ವೆಬ್‌ಗೂ (ಕ್ರ್ಯಾಂಕಿನ ದಪ್ಪ ತಟ್ಟೆ) ಕೇಸ್ ಗೋಡೆಗೂ ಇರೋ ಸಂದು ಕೆಲವೇ ಎಂಎಂ. ಅಲ್ಲಿ ಅದು ಬೆಣೆ ಥರ ಸಿಕ್ಕಿಕೊಂಡ್ರೆ ಕೇಸ್ ಅಲ್ಯೂಮಿನಿಯಂ ಗೀರುತ್ತೆ, ಆಮೇಲೆ ಕೇಸ್ ಬೇರೆ ಮಾಡದೆ ದಾರಿಯೇ ಇರಲ್ಲ.

ಎರಡನೇದು, ಅದು ನಿಜಕ್ಕೂ ಒಳಗಿದೆಯಾ? ಚಿಮ್ಮಿದ ಲಾಕ್ ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ಎಂಜಿನ್ ಕೆಳಗಿನ ನೆಲ, ಫ್ರೇಮಿನ ಕೆಳಪೈಪ್, ಫುಟ್‌ರೆಸ್ಟ್ ಸಂದು, ಮುಂದಿನ ಮಡ್‌ಗಾರ್ಡ್ ಒಳಗಿನ ಮಣ್ಣು, ಕಳಚಿಟ್ಟ ಪಿಸ್ಟನ್ನಿನ ಒಳಭಾಗ, ತುರುಕಿದ ಬಟ್ಟೆಯ ಮಡಿಕೆ. ಬಟ್ಟೆ ಎಳೆದು ಒದರಬೇಡಿ, ಎರಡೂ ಕೈಯಲ್ಲಿ ಅಂಚು ಸೇರಿಸಿ ಗಂಟು ಕಟ್ಟಿದ ಹಾಗೆ ಎತ್ತಿ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಇದ್ರೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ನೆಲದ ಮೇಲೆ ಒಂದು ಸುತ್ತು ಆಡಿಸಿ. ಕವರ್ ಒಳಗೆ-ಹೊರಗೆ ತಿರುವಿದ್ರೆ ಅಂಟಿದ್ದೆಲ್ಲ ಒಟ್ಟಿಗೆ ಸಿಗುತ್ತೆ.

ಹೊರಗೆ ಸಿಗಲಿಲ್ಲ ಅಂದ್ರೆ ಒಳಗೆ ಮೂರು ಜಾಗ. ಈ ಎಂಜಿನ್ನಿನ ಬ್ಲಾಕ್ ಹೆಚ್ಚುಕಡಿಮೆ ಮಲಗಿರೋದ್ರಿಂದ ಕೇಸಿನ ಬಾಯಿ ಮೇಲಕ್ಕಲ್ಲ, ಮುಂದಕ್ಕೆ ನೋಡುತ್ತೆ. ಒಂದು, ಬಾಯಿಯ ಕೆಳತುಟಿ ದಾಟಿದ ತಕ್ಷಣ ಸಿಗೋ ತಗ್ಗು. ಹೆಚ್ಚಿನ ಸಾಧ್ಯತೆ ಇಲ್ಲೇ. ಎರಡು, ಕ್ರ್ಯಾಂಕ್ ಕೆಳಗಿಂದ ಹಿಂದಕ್ಕೆ, ಆಯಿಲ್ ನಿಲ್ಲೋ ತಳಕ್ಕೆ. ಮೂರು, ಎಡಗಡೆ ಚೈನ್ ಗೂಡು. ನೀವು ಹೇಳಿದ ಹಾಗೆ ಎಡ ಸಂದು ತೆರೆದಿತ್ತು, ಎಡಗಡೆ ಲಾಕೇ ಚಿಮ್ಮಿದ್ದು, ಹಾಗಾಗಿ ಇದನ್ನ ಕಡೆಗಣಿಸೋ ಹಾಗಿಲ್ಲ. ಚೈನ್ ಒಳಗೆ ಬೀಳದ ಹಾಗೆ ಕಟ್ಟಿದ ತಂತಿ ಬಿಚ್ಚಬೇಡಿ. ಟಾರ್ಚ್ ಬಿಟ್ಟು, ಚೈನನ್ನ ಬೆರಳಲ್ಲಿ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಸಿ ಕೊಂಡಿಗಳ ನಡುವೆ ನೋಡಿ.


ಚಿಕ್ಕಪೇಟೆ_ಟೂಲ್ಸ್:

ನೋಡದೆ ಕಡ್ಡಿ ಆಡಿಸಬೇಡಿ. ಮುಂದಿರೋದನ್ನ ಹಿಂದಕ್ಕೆ ತಳ್ಳೋದು ಹಾಗೇನೇ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಫೋನಿಗೆ ಹಾಕೋ ಎಂಡೋಸ್ಕೋಪ್ ಸಿಗುತ್ತೆ. 5.5 ಎಂಎಂ ತಲೆಯದು ತಗೊಳ್ಳಿ, ಅರೆಗಟ್ಟಿ ಕೇಬಲ್ ಇರಲಿ, ಮೆತ್ತನೆ ಕೇಬಲ್ ಒಳಗೆ ಹೋಗಿ ತನ್ನಿಷ್ಟಕ್ಕೆ ತಿರುಗುತ್ತೆ. ಅಗ್ಗದ ಕ್ಯಾಮೆರಾಗಳಲ್ಲಿ ತೀರಾ ಹತ್ತಿರದ್ದು ಮಂಜಾಗುತ್ತೆ. ಮೂರು-ನಾಲ್ಕು ಸೆಂಟಿಮೀಟರ್ ದೂರದಿಂದ ನೋಡಿ. ಎಲ್‌ಇಡಿ ಬೆಳಕು ಪೂರ್ತಿ ಇಟ್ಟರೆ ಒದ್ದೆ ಅಲ್ಯೂಮಿನಿಯಂ ಮೇಲೆ ಬರೀ ಬಿಳಿ ಕಾಣುತ್ತೆ, ಅರ್ಧಕ್ಕಿಂತ ಕಮ್ಮಿ ಮಾಡಿ. ಲೆನ್ಸಿಗೆ ಆಯಿಲ್ ಮೆತ್ತಿದ್ರೆ ಟಿಶ್ಯೂಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ. ಆಯಿಲ್ ಇಳಿಸಿದ ಮೇಲೇ ಕ್ಯಾಮೆರಾ ಬಿಡಿ, ಕಪ್ಪು ಆಯಿಲ್ ಕೆಳಗೆ ಏನೂ ಕಾಣಲ್ಲ.

ಅದರ ಜೊತೆ ಡಬ್ಬಿಯಲ್ಲಿ ಕ್ಲಿಪ್ ಹಾಕೋ ಪುಟ್ಟ ಮ್ಯಾಗ್ನೆಟ್ಟು, ಕೊಕ್ಕೆ ಕೊಡ್ತಾರೆ. ಎಂಜಿನ್ ಒಳಗೆ ಅವನ್ನ ಬಳಸಬೇಡಿ. ಕಳಚಿ ಬಿದ್ರೆ ಒಂದರ ಬದಲು ಎರಡು ಹುಡುಕಬೇಕಾಗುತ್ತೆ.

ಕಡ್ಡಿ ಮ್ಯಾಗ್ನೆಟ್ ಅಕ್ಕಪಕ್ಕ ಅಂಟೋ ಸಮಸ್ಯೆಗೆ: ಎಳನೀರಿಗೆ ಕೊಡೋ ದಪ್ಪ ಸ್ಟ್ರಾ ಅಥವಾ ಅಳತೆಗೆ ಸರಿಹೋಗೋ ಪ್ಲಾಸ್ಟಿಕ್ ನಳಿಗೆಯನ್ನ ತಲೆಯ ಮೇಲೆ ಏರಿಸಿ, ತುದಿ ಮಾತ್ರ ಸಮಸಮ ಕಾಣಬೇಕು. ಪಕ್ಕದಲ್ಲಿ 2 ಎಂಎಂ ಪ್ಲಾಸ್ಟಿಕ್ ಅಡ್ಡ ಇದ್ರೂ ಎಳೆತ ಎಷ್ಟೋ ಕಮ್ಮಿಯಾಗುತ್ತೆ, ರಾಡ್ ಪಕ್ಕದಿಂದ ಜಾರಿಸಿಕೊಂಡು ಹೋಗಬಹುದು. ಕಡ್ಡಿ ಬಗ್ಗಲ್ಲ ಅಂದ್ರೆ ಮನೆ ವೈರಿಂಗಿನ ಒಂಟಿ ಕಂಬಿಯ ತಾಮ್ರದ ತಂತಿ, 2.5 ಚದರ ಎಂಎಂದು, ಬೇಕಾದ ಹಾಗೆ ಬಗ್ಗಿಸಿ. ಅದರ ತುದಿಗೆ 4-5 ಎಂಎಂ ನಿಯೋಡಿಮಿಯಂ ಮ್ಯಾಗ್ನೆಟ್ಟನ್ನ ಎಪಾಕ್ಸಿ ಹಾಕಿ ಕೂರಿಸಿ, ರಾತ್ರಿಯಿಡೀ ಒಣಗಲಿ, ಮೇಲೊಂದು ಹೀಟ್ ಶ್ರಿಂಕ್ ತೊಡಿಸಿ. ಹೀಟ್ ಶ್ರಿಂಕ್ ಬಿಡಬೇಡಿ, ನಿಯೋಡಿಮಿಯಂ ಪಿಂಗಾಣಿಯಷ್ಟೇ ಬೇಗ ಚೂರಾಗುತ್ತೆ. ಫೆವಿಕ್ವಿಕ್ ಒಂದೇ ಸಾಲದು, ಒಂದು ಏಟಿಗೆ ಬಿಟ್ಕೊಳ್ಳುತ್ತೆ.


ಪೀಣ್ಯ_ಫಿಟ್ಟರ್:

ಮೆಕ್ಯಾನಿಕ್ ಮಾತಲ್ಲಿ ಅರ್ಧ ಸತ್ಯ ಇದೆ. ಕಾರಿನ ಚೇಂಬರ್ ಆಗಿದ್ರೆ, ಒಂದು ದಪ್ಪ ನಟ್ಟು ಅಡ್ಡ ತಗಡಿನ ಕೆಳಗೆ ಬಿದ್ರೆ, ಆಯಿಲ್ ಪಂಪ್ ಬಾಯಿಗೆ ಜಾಳಿಗೆ ಇರುತ್ತೆ, ಕ್ರ್ಯಾಂಕ್ ಅಷ್ಟು ಕೆಳಗೆ ಬರಲ್ಲ. ಮುಂದಿನ ಸರ್ವಿಸ್ ತನಕ ಅದು ಅಲ್ಲೇ ಬಿದ್ದಿರೋದುಂಟು. ಹಾಗೆ ಬಿಡೋದು ಸರಿ ಅಂತ ನಾನು ಹೇಳ್ತಿಲ್ಲ.


ಎಣ್ಣೆಕೈ:

ಕಾರಿನ ಲೆಕ್ಕ ಇಲ್ಲಿ ನಡೆಯಲ್ಲ. ಸ್ಪ್ಲೆಂಡರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಒಂದೇ ಆಯಿಲ್, ಒಂದೇ ಗೂಡು. ಜಾಳಿಗೆ ಇದೆ, ಹಾಗಾಗಿ ಲಾಕ್ ಪಂಪಿಗೆ ಹೋಗಲ್ಲ, ಸರಿ. ಭಯ ಇರೋದು ಪಂಪಿನದ್ದಲ್ಲ. ಲಾಕ್ ಹಗುರ. ಕ್ರ್ಯಾಂಕೂ ಗೇರೂ ಎಣ್ಣೆಯನ್ನ ಎರಚೋ ರಭಸಕ್ಕೆ, ಜೊತೆಗೆ ನಮ್ಮ ಹಂಪುಗಳ ಕುಲುಕಾಟಕ್ಕೆ, ಅದು ಬಿದ್ದ ಜಾಗದಲ್ಲೇ ಇರಲ್ಲ. ಗೇರ್ ಹಲ್ಲಿನ ನಡುವೆ ಹೋದ್ರೆ ಹಲ್ಲಿನ ಮೂಲೆ ಹಾರುತ್ತೆ, ಇಲ್ಲ ಶಾಫ್ಟ್ ಒತ್ತಡಕ್ಕೆ ಕೇಸ್ ಬಿರುಕು ಬಿಡುತ್ತೆ. ಗೇರ್ ಜಾಮ್ ಆಗಿ ಹಿಂದಿನ ಚಕ್ರ ಓಡ್ತಿರುವಾಗಲೇ ನಿಂತ್ರೆ ಸವಾರ ಬೀಳ್ತಾನೆ. ಟೈಮಿಂಗ್ ಚೈನಿನ ಕೆಳಗಿನ ಹಲ್ಲುಚಕ್ರಕ್ಕೆ ಸಿಕ್ಕಿದ್ರೆ ಚೈನ್ ಹಲ್ಲು ಹಾರಿ ವಾಲ್ವ್ ಬಗ್ಗುತ್ತೆ. ಬೇರೆ ಯಾವ ಚಿಲ್ಲರೆ ಸಾಮಾನಿನ ವಿಷಯದಲ್ಲಾದ್ರೂ ವಾದ ಮಾಡಬಹುದು, ಗಟ್ಟಿ ಸ್ಪ್ರಿಂಗ್ ಸ್ಟೀಲ್ ವಿಷಯದಲ್ಲಿ ಬೇಡ.


ಲಗ್ಗೆರೆ_ಹುಡ್ಗ:

ನೆಲ, ಬಟ್ಟೆ, ಫ್ರೇಮ್ ಎಲ್ಲ ನೋಡಾಯ್ತು, ಇಲ್ಲ. ಆಯಿಲ್ ಇಳಿಸಿದೆ, ಅದರ ಜೊತೆ ಬರಲಿಲ್ಲ. ಕ್ಯಾಮೆರಾ ಬಿಟ್ಟು ನೋಡಿದ್ರೆ ಚೈನ್ ಗೂಡಲ್ಲಿ ಏನಿಲ್ಲ. ಲಾಕ್ ಕಾಣಿಸ್ತು: ಕ್ರ್ಯಾಂಕಿನ ಕೆಳಗೆ, ನಡುವಿಗಿಂತ ಬಲಕ್ಕೆ, ತಳದ ಒಂದು ಏಣಿನ ಪಕ್ಕ ಮಲಗಿದೆ. ಪೂರ್ತಿ ಇದೆ, ಮುರಿದಿಲ್ಲ. ಮುಂದಿನ ಬಾಯಿಂದ ಸ್ಟ್ರಾ ಹಾಕಿದ ಕಡ್ಡಿ ವೆಬ್ ತನಕ ಹೋಗುತ್ತೆ, ಆಮೇಲೆ ತಿರುವು ಸಿಗಲ್ಲ. ಡ್ರೈನ್ ತೂತಿಂದ ತೆಗೆಯೋಕಾಗುತ್ತಾ?


ಎಣ್ಣೆಕೈ:

ಕಂಡಿದೆ ಅಂದ್ರೆ ಕೇಸ್ ಒಡೆಯೋ ಕೆಲಸ ತಪ್ಪಿತು ಅಂತ ಇಟ್ಕೊಳ್ಳಿ.

ಕೇಸ್ ಅಲ್ಯೂಮಿನಿಯಂ. ಮ್ಯಾಗ್ನೆಟ್ಟಿನ ಎಳೆತ ಅದನ್ನ ದಾಟಿ ಹೋಗುತ್ತೆ, ಕೇಸು ತಾನು ಅಂಟಲ್ಲ. ಬಲವಾದ ನಿಯೋಡಿಮಿಯಂ ಒಂದನ್ನ, 20-25 ಎಂಎಂ ಅಗಲದ್ದು, ಕೇಸಿನ ಹೊರತಳಕ್ಕೆ ಒತ್ತಿ ಹಿಡಿದು ನಿಧಾನಕ್ಕೆ ಮುಂದಕ್ಕೆ ಎಳೀರಿ. ಒಳಗಿನ ಲಾಕ್ ಅದರ ಹಿಂದೆಯೇ ತೆವಳಿಕೊಂಡು ಬರುತ್ತೆ. ಇನ್ನೊಬ್ಬರು ಕ್ಯಾಮೆರಾ ಹಿಡಿದು ಹೇಳ್ತಿರಲಿ. ತಳದ ಏಣು ಅಡ್ಡ ಬಂದ್ರೆ ಮ್ಯಾಗ್ನೆಟ್ಟನ್ನ ಪಕ್ಕಕ್ಕೆ ಸರಿಸಿ ಸುತ್ತಿಸಿಕೊಂಡು ಬನ್ನಿ. ಹೊರಗಿನ ಮಣ್ಣು-ಗ್ರೀಸ್ ಮೊದಲು ಕೆರೆದು ಒರೆಸಿ, ಅದೇ ಎರಡು-ಮೂರು ಎಂಎಂ ದೂರ ತಿಂದು ಹಾಕುತ್ತೆ, ಎಳೆತ ದೂರಕ್ಕೆ ಬಹಳ ಬೇಗ ಇಳಿಯುತ್ತೆ.

ಜೊತೆಗೆ ಓರೆಯನ್ನೂ ಬಳಸಿಕೊಳ್ಳಿ. ಬಾಯಿ ಮುಂದಕ್ಕಿದೆಯಲ್ಲ, ಹಿಂದಿನ ಚಕ್ರದ ಕೆಳಗೆ ಒಂದಡಿ ಎತ್ತರಕ್ಕೆ ಹಲಗೆ ಕೊಟ್ಟು ಮುಂಭಾಗ ತಗ್ಗಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಗಾಡಿ ಹಿಡಿಯೋಕೆ ಒಬ್ಬರು ಇರಲಿ. ಲಾಕ್ ತಾನಾಗೇ ಹೊರಗೆ ಬರುತ್ತೆ ಅಂತಲ್ಲ, ಕೆಳತುಟಿ ಅಡ್ಡ ಇದೆ. ಆದ್ರೆ ತುಟಿ ತನಕ ಬಂದ್ರೆ ನಿಮ್ಮ ಕಡ್ಡಿಗೆ ಸಿಗುತ್ತೆ. ಹೊರಗಿನ ಮ್ಯಾಗ್ನೆಟ್ ಒಳಗಿನ ಕಡ್ಡಿ ಎರಡೂ ಒಟ್ಟಿಗೆ ಎಳೀತಾ ಇದ್ರೆ ಹೊರಗಿನದೇ ಗೆಲ್ಲುತ್ತೆ. ಕಡ್ಡಿ ಲಾಕಿಗೆ ಮುಟ್ಟಿದ ಮೇಲೆ ಹೊರಗಿನದನ್ನ ಕೆಳಕ್ಕೆ ನೇರ ಎಳೆದು ತೆಗೀರಿ, ಪಕ್ಕಕ್ಕೆ ಜಾರಿಸಬೇಡಿ.

ಡ್ರೈನ್ ತೂತಿನ ಲೆಕ್ಕ: ಬೋಲ್ಟ್ 12 ಎಂಎಂ ಥ್ರೆಡ್ಡು, 17 ನಂಬರ್ ತಲೆ. ಒಳಗಿನ ಅಗಲ ಹತ್ತು ಎಂಎಂ ಚಿಲ್ಲರೆ. ಪಿನ್ 13 ಎಂಎಂದು, ಲಾಕ್ ಅದಕ್ಕಿಂತ ಸ್ವಲ್ಪ ಅಗಲ. ನೆಟ್ಟಗೆ ಎಳೆದ್ರೆ ಬರಲ್ಲ, ಅದಕ್ಕೇ ಆಯಿಲ್ ಜೊತೆ ಬೀಳದೇ ಇದ್ದದ್ದು. ಆದ್ರೆ ಅದು ಬಾಯಿ ತೆರೆದ ಬಳೆ, ಒಂದು ತುದಿ ತೂತಿನಿಂದ ಹೊರಗೆ ಬಂದ್ರೆ ಸಾಕು, ತುದಿ ಹಿಡಿದು ತಿರುಗಿಸಿಕೊಂಡು ಸುತ್ತು ಪೂರ್ತಿ ಹೊರಗೆ ತರಬಹುದು. ಮ್ಯಾಗ್ನೆಟ್ ತುದಿಯನ್ನೇ ಹಿಡಿಯುತ್ತೆ ಅನ್ನೋ ಖಾತ್ರಿ ಇಲ್ಲ, ಮಧ್ಯ ಹಿಡಿದ್ರೆ ಅಡ್ಡ ನಿಲ್ಲುತ್ತೆ. ಸಣ್ಣ ಬಾಗು ಮೂತಿಯ ಫೋರ್ಸೆಪ್ಸ್ ಇದ್ರೆ ಕೆಲಸ ಸುಲಭ. ನನ್ನ ಓಟು ಮುಂದಿನ ಬಾಯಿಗೆ.

ಗಾಳಿ ಹೊಡೀಬೇಡಿ. ಕಂಪ್ರೆಸರ್ ಗಾಳಿ ಲಾಕನ್ನ ಎಲ್ಲಿಗೆ ಒಯ್ಯುತ್ತೋ ಗೊತ್ತಾಗಲ್ಲ, ಜೊತೆಗೆ ಮಣ್ಣನ್ನ ಬೇರಿಂಗ್ ಒಳಗೆ ತಳ್ಳುತ್ತೆ.


ಪೀಣ್ಯ_ಫಿಟ್ಟರ್:

ಅದೂ ಆಗಲಿಲ್ಲ ಅಂದ್ರೆ ಬಲಗಡೆ ಕ್ಲಚ್ ಕವರ್. ಲಾಕ್ ಬಲಕ್ಕೇ ಇದೆ ಅಂತೀರಿ, ಹಾಗಾಗಿ ಲಾಭ ಇದೆ. ಕಿಕ್ಕರ್ ಕಳಚಿ, ಕ್ಲಚ್ ಕೇಬಲ್ ಬಿಡಿಸಿ, ಬ್ರೇಕ್ ಪೆಡಲ್ ಅಡ್ಡ ಬಂದ್ರೆ ಅದನ್ನೂ. ಕವರಿನ ಬೋಲ್ಟುಗಳು ಬೇರೆ ಬೇರೆ ಉದ್ದ, ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ್ದನ್ನ ಗಿಡ್ಡ ತೂತಿಗೆ ಹಾಕಿ ಬಿಗಿ ಮಾಡಿದ್ರೆ ಕೇಸಿನ ಕಿವಿ ಒಡೆಯುತ್ತೆ. ಕವರ್ ಕೂತಿದ್ರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ. ಒಳಗೆ ಕೆಳಗಡೆ ಆಯಿಲ್ ಜಾಳಿಗೆ ಇದೆ, ಎಳೆದು ತೆಗೆದ್ರೆ ಅದರ ಜಾಗದಿಂದ ತಳಕ್ಕೆ ಇನ್ನೊಂದು ದಾರಿ ಸಿಕ್ಕ ಹಾಗಾಯ್ತು. ಜಾಳಿಗೆಯನ್ನ ಹೇಗೂ ತೊಳೀಬೇಕಿತ್ತು, ಕ್ರ್ಯಾಂಕ್ ತುದಿಯ ಸೆಂಟ್ರಿಫ್ಯೂಗಲ್ ಫಿಲ್ಟರಿನ (ತಿರುಗೋ ರಭಸಕ್ಕೆ ಆಯಿಲಿನ ಕೊಳೆ ಹಿಡಿಯೋದು) ಕೆಸರನ್ನೂ ಈಗಲೇ ಕೆರೆದುಬಿಡಿ. ಬೋರ್ ಕೆಲಸ ಮಾಡಿ ಆ ಕೆಸರನ್ನ ಹಾಗೇ ಬಿಡೋದು ದಂಡ. ಕವರ್ ಪ್ಯಾಕಿಂಗ್ ಹೊಸದು ತನ್ನಿ, ಜೆಸಿ ರೋಡಲ್ಲಿ ಬಿಡಿಯಾಗೇ ಸಿಗುತ್ತೆ. ಹಳೇದರ ಮೇಲೆ ಸಿಲಿಕಾನ್ ಬಳಿಯೋದು ಬೇಡ, ಒಳಗೆ ಉಬ್ಬಿದ ಸಿಲಿಕಾನ್ ಕಿತ್ತು ಹೋಗಿ ಅದೇ ಜಾಳಿಗೆಗೆ ಅಂಟಿಕೊಳ್ಳುತ್ತೆ.


ಆಲ್ಟೊ_ಅಣ್ಣ:

ಇದೇ ಜಾಗದಲ್ಲಿ ಕೇಳ್ತೀನಿ. ಆಲ್ಟೊ ಕೆ10, ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಪಿಂಗಾಣಿ ಮುರೀತು, ಒಂದು ಚೂರು ಸಿಲಿಂಡರ್ ಒಳಗೆ. ಮ್ಯಾಗ್ನೆಟ್ ಹಿಡಿಯಲ್ಲ. ಏನ್ ಮಾಡೋದು?


ಚಿಕ್ಕಪೇಟೆ_ಟೂಲ್ಸ್:

ಪಿಂಗಾಣಿ, ತಾಮ್ರದ ವಾಷರ್, ಹಿತ್ತಾಳೆ ಜೆಟ್, ಅಲ್ಯೂಮಿನಿಯಂ, ಇವಕ್ಕೆಲ್ಲ ಮ್ಯಾಗ್ನೆಟ್ ಇಲ್ಲ. ಸ್ಟೇನ್‌ಲೆಸ್ ಬೋಲ್ಟ್‌ಗಳಲ್ಲೂ ಬಹಳಷ್ಟು ಹಿಡಿಯಲ್ಲ.

ಸ್ಟಾರ್ಟ್ ಮಾಡಬೇಡಿ, ಸೆಲ್ಫ್ ಹೊಡೀಬೇಡಿ, "ಹೊಗೆ ಜೊತೆ ಹೋಗುತ್ತೆ" ಅನ್ನೋರ ಮಾತು ಕೇಳಬೇಡಿ. ಪ್ಲಗ್ಗಿನ ಪಿಂಗಾಣಿ ಸಿಲಿಂಡರ್ ಗೋಡೆಗಿಂತ ಗಟ್ಟಿ, ಬೋರನ್ನ ಗೀರುತ್ತೆ, ಎಕ್ಸಾಸ್ಟ್ ವಾಲ್ವ್ ಸೀಟ್ ಮೇಲೆ ಕೂತ್ರೆ ವಾಲ್ವ್ ಮುಚ್ಚಲ್ಲ. ಮೊದಲು ಮುರಿದ ಪ್ಲಗ್ಗನ್ನ ಕೈಯಲ್ಲಿರೋ ಚೂರುಗಳ ಜೊತೆ ಜೋಡಿಸಿ ನೋಡಿ. ಎಷ್ಟು ಕಮ್ಮಿ ಇದೆ ಅಂತ ತಿಳಿದ್ರೆ ಎಷ್ಟು ಹುಡುಕಬೇಕು ಅಂತ ತಿಳಿಯುತ್ತೆ. ಆಮೇಲೆ ಮೂರೂ ಪ್ಲಗ್ ತೆಗೆದು, ಕ್ಯಾಮೆರಾದಲ್ಲಿ ಚೂರು ಪಿಸ್ಟನ್ ಮೇಲೆ ಮಲಗಿದೆಯಾ, ವಾಲ್ವ್‌ಗಳು ಮುಚ್ಚಿವೆಯಾ ನೋಡಿ. ಯಾವುದಾದ್ರೂ ವಾಲ್ವ್ ತೆರೆದಿದ್ರೆ ಚೂರು ಪೋರ್ಟಿಗೆ ಹೋಗದಂತೆ ಎಚ್ಚರ.

ಫ್ಯುಯಲ್ ಪಂಪ್ ಫ್ಯೂಸ್ ಕಿತ್ತು, ಪ್ಲಗ್ ತೂತು ತೆರೆದಿಟ್ಟು ಪೆಟ್ರೋಲ್ ವಾಸನೆ ಹೋಗೋ ತನಕ ಕಾಯಿರಿ. ವ್ಯಾಕ್ಯೂಮ್ ಕ್ಲೀನರ್ ಮೋಟರಿನ ಬ್ರಷ್ ಕಿಡಿ ಹಾರಿಸುತ್ತೆ, ಅದಕ್ಕೆ. ಕ್ಲೀನರ್ ಪೈಪಿಗೆ 8 ಎಂಎಂ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಟೇಪ್ ಹಾಕಿ ಗಾಳಿ ಸೋರದ ಹಾಗೆ ಜೋಡಿಸಿ. ನಡುವೆ ತೆಳು ಬಟ್ಟೆ ಕೊಟ್ರೆ ಬಂದ ಚೂರು ಅಲ್ಲೇ ನಿಲ್ಲುತ್ತೆ, ಜೋಡಿಸಿ ನೋಡೋಕೆ ಬೇಕು. ದೊಡ್ಡ ಚೂರು ನಳಿಗೆಗೆ ಹಿಡಿಸಲ್ಲ ಅಂದ್ರೆ ಕಡ್ಡಿ ತುದಿಗೆ ಗಟ್ಟಿ ಗ್ರೀಸ್ ಮುದ್ದೆ ಹಚ್ಚಿ ಒತ್ತಿ ಎತ್ತಿ. ಪ್ಲಗ್ ಬಾವಿಯ ಗೋಡೆಗೆ ತಾಗಿ ಗ್ರೀಸ್ ಬಿಟ್ಕೊಳ್ಳದ ಹಾಗೆ ನೇರ ತನ್ನಿ. ಇನ್ನು ಮೇಲೆ ಪ್ಲಗ್ ಬಿಚ್ಚುವ ಮುಂಚೆ ಬಾವಿಗೆ ಗಾಳಿ ಹೊಡೆದು ಮಣ್ಣು ತೆಗೆದುಕೊಳ್ಳಿ, 16 ಎಂಎಂ ಪ್ಲಗ್ ಸಾಕೆಟ್ ಓರೆಯಾಗದ ಹಾಗೆ ಹಿಡೀರಿ, ಪಿಂಗಾಣಿ ಮುರಿಯೋದು ಸಾಕೆಟ್ ವಾಲಿದಾಗಲೇ.


ಲಗ್ಗೆರೆ_ಹುಡ್ಗ:

ಬಂತು. ಹೊರಗಿನ ಮ್ಯಾಗ್ನೆಟ್ಟಲ್ಲಿ ತುಟಿ ತನಕ, ಅಲ್ಲಿಂದ ಸ್ಟ್ರಾ ಹಾಕಿದ ಕಡ್ಡಿ. ಬಲಗಡೆ ಲಾಕ್ ಪಕ್ಕ ಇಟ್ಟು ನೋಡಿದೆ, ಎರಡೂ ಒಂದೇ ಅಳತೆ, ತುದಿ ಮುರಿದಿಲ್ಲ. ಕವರ್ ಬಿಚ್ಚಬೇಕಾಗಿ ಬರಲಿಲ್ಲ. ಒಳಗೆ ಡೀಸೆಲ್ ಹಾಕಿ ತೊಳೀಬೇಕಾ? ಮತ್ತೆ ಹೊಸ ಲಾಕ್ ಹಾಕುವಾಗ ಇದೇ ಕಥೆ ಆಗದ ಹಾಗೆ ಹೇಗೆ?


ಎಣ್ಣೆಕೈ:

ಕೆಳತುಟಿಯ ಮೇಲೆ, ಕಡ್ಡಿ ಉಜ್ಜಿದ ಜಾಗದಲ್ಲಿ ಅಲ್ಯೂಮಿನಿಯಂ ಪುಡಿ ಕಂಡ್ರೆ ಮಾತ್ರ ತೊಳೀರಿ. ಅರ್ಧ ಲೀಟರ್ ಡೀಸೆಲ್ ಸಾಕು, ಡ್ರೈನ್ ತೆರೆದಿಟ್ಟು, ಕೆಳಗೆ ಬಟ್ಟೆ ಹಾಸಿದ ತಟ್ಟೆ ಇಟ್ಟು ಬಾಯಿಂದ ನಿಧಾನ ಸುರೀರಿ. ಪೆಟ್ರೋಲ್ ಬೇಡ. ತೊಳೆದ ಮೇಲೆ ಕನೆಕ್ಟಿಂಗ್ ರಾಡಿನ ದೊಡ್ಡ ಕಡೆ ಬೇರಿಂಗಿಗೆ ಹೊಸ ಆಯಿಲ್ ಹನಿಸಿ ಕ್ರ್ಯಾಂಕನ್ನ ಕೈಯಲ್ಲಿ ಒಂದೆರಡು ಸುತ್ತು ತಿರುಗಿಸಿ, ಚೈನ್ ಎಳೆದು ಹಿಡಿದುಕೊಂಡು. ಇಲ್ಲಾಂದ್ರೆ ಡೀಸೆಲ್ ತೊಳೆದ ಬೇರಿಂಗ್ ಮೊದಲ ಸ್ಟಾರ್ಟಿಗೆ ಒಣಗಿ ಓಡುತ್ತೆ. ಮೊದಲ ಆಯಿಲನ್ನ ಐನೂರು ಕಿಲೋಮೀಟರಿಗೇ ಬದಲಾಯಿಸಿ, ಹೊಸ ಬೋರಿಗೆ ಅದು ಹೇಗೂ ಬೇಕು. ಡ್ರೈನ್ ವಾಷರ್ ಹೊಸದು, ಬೋಲ್ಟ್ ಅತಿ ಬಿಗಿ ಬೇಡ. ಬ್ಲಾಕ್ ಬರೋ ತನಕ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮೆಟ್ರೋ ಕೆಲಸದ ಧೂಳು ಬೇರಿಂಗಿಗೆ ಒಳ್ಳೇದಲ್ಲ.

ಲಾಕ್ ವಿಷಯ. ಎರಡೂ ಹೊಸದೇ ಹಾಕಿ, ಬಲಗಡೆಯದ್ದು ಸರಿ ಇದೆ ಅಂತ ಉಳಿಸಬೇಡಿ. ಒಮ್ಮೆ ಹಿಂಡಿದ ಲಾಕಿನ ಬಿಗುವು ಇಳಿದಿರುತ್ತೆ, ಓಡುವಾಗ ತಾನು ಕೂರೋ ತೋಡಿನಿಂದ ಹೊರಬಿದ್ರೆ ಪಿನ್ ಜಾರಿ ಹೊಸ ಬೋರಿಗೆ ಉದ್ದಕ್ಕೆ ಗೀರು ಬೀಳುತ್ತೆ. ಒಂದು ಲಾಕನ್ನ ಮೇಜಿನ ಮೇಲೇ ಪಿಸ್ಟನ್ನಿಗೆ ಕೂರಿಸಿಬಿಡಿ. ಎಂಜಿನ್ ಮೇಲೆ ಹಾಕೋದು ಒಂದೇ ಉಳಿಯುತ್ತೆ, ಅದು ನಿಮ್ಮ ಕೈಗೆ ಅನುಕೂಲವಾದ ಕಡೆ ಇರಲಿ. ಪಿಸ್ಟನ್ ತಲೆಯ ಮೇಲಿನ ಇನ್‌ಟೇಕ್ ಗುರುತು ಇನ್‌ಟೇಕ್ ಕಡೆಗೆ, ಅಂದ್ರೆ ಮೇಲಕ್ಕೆ.

ಬಟ್ಟೆ ಒಂದೇ ದೊಡ್ಡದು, ಬಣ್ಣದ್ದು, ಬಾಯಿಯನ್ನೂ ಚೈನ್ ಸಂದನ್ನೂ ಸೇರಿಸಿ ಮುಚ್ಚೋ ಅಷ್ಟು. ಚಿಂದಿ ಚಿಂದಿ ವೇಸ್ಟ್ ತುರುಕಿದ್ರೆ ಒಂದು ಎಳೆ ಒಳಗೇ ಉಳಿದು ಜಾಳಿಗೆ ಕಟ್ಟುತ್ತೆ. ಲಾಕಿನ ಬಳೆಯೊಳಗಿಂದ ಗಟ್ಟಿ ಹೊಲಿಗೆ ದಾರ ಪೋಣಿಸಿ ಎರಡೂ ತುದಿ ಎಡಗೈ ಬೆರಳಿಗೆ ಸುತ್ತಿಕೊಳ್ಳಿ. ಲಾಕಿನ ಒಂದು ತುದಿಯನ್ನ ತೋಡಿಗೆ ಇಟ್ಟು ಅದರ ಮೇಲೆ ಎಡಗೈ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕಡೆಯನ್ನ ಚಪ್ಪಟೆ ಸ್ಕ್ರೂಡ್ರೈವರಲ್ಲಿ ಒಳಕ್ಕೆ ತಳ್ಳಿ. ಚಿಮ್ಮಿದ್ರೂ ದಾರದಲ್ಲಿ ನೇತಾಡುತ್ತೆ. ಕೂತ ಮೇಲೆ ದಾರದ ಒಂದು ತುದಿ ಬಿಟ್ಟು ಇನ್ನೊಂದನ್ನ ಎಳೆದ್ರೆ ಬರುತ್ತೆ. ಲಾಕಿನ ತೆರೆದ ಬಾಯಿ ಪಿಸ್ಟನ್ನಿನ ಕೊರೆಗೆ (ಲಾಕ್ ಎತ್ತೋಕೆ ಇರೋ ಕಚ್ಚು) ಎದುರು ಬರಬಾರದು, ಅಲ್ಲಿಂದಲೇ ಅದು ಹೊರಗೆ ಹಾರೋದು. ಸ್ಕ್ರೂಡ್ರೈವರ್ ತುದಿಯಿಂದ ಲಾಕನ್ನ ಅದರ ತೋಡಿನಲ್ಲೇ ಸ್ವಲ್ಪ ತಿರುಗಿಸಿ ನೋಡಿ. ಬಿಗಿಯಾಗಿ, ಆದ್ರೆ ಸುತ್ತಲೂ ಒಂದೇ ಸಮ ಜಾರಿದ್ರೆ ಪೂರ್ತಿ ಕೂತಿದೆ. ಎಲ್ಲಾದ್ರೂ ಎದ್ದ ಹಾಗೆ ಕಂಡ್ರೆ ತೆಗೆದು ಇನ್ನೊಂದು ಹೊಸದು ಹಾಕಿ. ಜೆಸಿ ರೋಡಲ್ಲಿ ಲಾಕ್ ಕೇಳುವಾಗ ಒಂದು ಜೊತೆ ಜಾಸ್ತಿಯೇ ತನ್ನಿ, ಕೆಲವೇ ರೂಪಾಯಿ.


ಪೀಣ್ಯ_ಫಿಟ್ಟರ್:

ಬ್ಲಾಕ್ ಕೂರಿಸುವ ಮುಂಚೆ ಎರಡು ಡೌಲ್ ಪಿನ್ನೂ (ಬ್ಲಾಕನ್ನ ಸರಿಯಾದ ಜಾಗಕ್ಕೆ ಕೂರಿಸೋ ಪುಟ್ಟ ಕೊಳವೆಗಳು) ಕೇಸಿನಲ್ಲೇ ಇವೆಯಾ ನೋಡಿ. ಗಾಡಿ ಮುಂದಕ್ಕೆ ತಗ್ಗಿಸಿದಾಗ ಒಂದು ಜಾರಿ ಬಿದ್ದಿದ್ರೂ ಆಶ್ಚರ್ಯ ಇಲ್ಲ. ಅದು ಕೇಸ್ ಒಳಗೆ ಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಹೊಸ ಬೇಸ್ ಪ್ಯಾಕಿಂಗ್ ಇಡಿ.